ಪುಟಗಳ ಲೆಕ್ಕ ಮತ್ತು ಕಾದಂಬರಿಯ ಬೆಳವಣಿಗೆ

ಕಾದಂಬರಿಯ ಕರಡು, ಅಂದರೆ ತಿದ್ದಿ ಬರೆಯುವುದಕ್ಕೆಂದೇ ಮೊದಲು ಇಳಿಸಿಕೊಳ್ಳುವ ಪಾಠ, ದಿನಕ್ಕೆ ಎಷ್ಟು ಮುಂದೆ ಸಾಗಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಪುಟಗಳ ಇಲ್ಲವೆ ಪದಗಳ ಎಣಿಕೆಯಲ್ಲಿ ಉತ್ತರ ಸಿಗುತ್ತದೆ. ಈ ಎಣಿಕೆಗೆ ಹೆಸರಾದವನು ಇಂಗ್ಲೆಂಡಿನ ಕಾದಂಬರಿಕಾರ ಆಂಥನಿ ಟ್ರಾಲಪ್. ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ನಸುಕಿನ ಐದೂವರೆಗೆ ಮೇಜಿಗೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ ಸಂಗತಿಯನ್ನು, ಅವನ ಮರಣಾನಂತರ 1883ರಲ್ಲಿ ಪ್ರಕಟವಾದ ಆತ್ಮಕಥೆ ಮುಚ್ಚುಮರೆಯಿಲ್ಲದೆ ತಿಳಿಸಿತು. ಕಲೆಯನ್ನು ಗುಮಾಸ್ತಿಕೆ ಮಾಡಿದನೆಂದು ಅವನನ್ನು ಹಳಿದವರೂ ಇದ್ದಾರೆ. ಆದರೆ ಆ ಟೀಕೆ ಗುರಿ ತಪ್ಪಿದ್ದು. ಕೇಳಬೇಕಾದದ್ದು ಎಣಿಸುವುದು ಸರಿಯೋ ತಪ್ಪೋ ಎಂದಲ್ಲ, ಎಣಿಕೆಗೆ ಸಿಗುವುದು ಕಾದಂಬರಿಯ ಯಾವ ಭಾಗ ಎಂದು.

ಇಂದಿನ ಬಾಗಲಕೋಟೆ ಜಿಲ್ಲೆಯ ನೆಲದಿಂದ ಬಂದ ಇಬ್ಬರು ಕಾದಂಬರಿಕಾರರನ್ನು ಜೊತೆಗಿಟ್ಟು ನೋಡಿದರೆ ಈ ಪ್ರಶ್ನೆ ಸ್ಪಷ್ಟವಾಗುತ್ತದೆ. ಬೀಳಗಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಶಾಲೆಯ ಕೆಲಸದ ನಡುವೆಯೇ ಹತ್ತಾರು ಕಾದಂಬರಿಗಳನ್ನು ಬರೆದರು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಲನಚಿತ್ರವಾಯಿತು, ಮರುವರ್ಷವೇ ‘ಕುಲವಧು’ ತೆರೆಗೆ ಬಂದಿತು. ಜಮಖಂಡಿ ಸೀಮೆಯ ರಾವಬಹಾದ್ದೂರರ ಹೆಸರಾದರೋ ಮುಖ್ಯವಾಗಿ ‘ಗ್ರಾಮಾಯಣ’ ಎಂಬ ಒಂದೇ ಕೃತಿಯಿಂದ ಉಳಿದಿದೆ. ಒಬ್ಬರು ಶ್ರಮಜೀವಿ, ಇನ್ನೊಬ್ಬರು ನಿಧಾನಿ ಎಂದು ಇದಕ್ಕೆ ಅರ್ಥ ಹಚ್ಚುವುದು ಸುಲಭ, ಆದರೆ ಅದು ವಿಚಾರವನ್ನು ಮೊಟಕುಗೊಳಿಸುತ್ತದೆ. ಪುರಾಣಿಕರ ಕೌಟುಂಬಿಕ ಕಾದಂಬರಿಯಲ್ಲಿ ಮನೆಯೊಂದರ ಸಂಬಂಧಗಳು ಮೊದಲೇ ನಿಂತಿರುತ್ತವೆ, ಆದ್ದರಿಂದ ದಿನದ ಪುಟಗಳು ಆ ಚೌಕಟ್ಟನ್ನು ತುಂಬುತ್ತ ಹೋಗಬಹುದು. ‘ಗ್ರಾಮಾಯಣ’ದಲ್ಲಿ ಒಬ್ಬ ನಾಯಕನಿಲ್ಲ, ಊರೇ ಪಾತ್ರ, ಅದರ ಒಳಜಗಳ, ಆಸೆಬುರುಕತನ, ಅವನತಿಗಳೇ ಕಥೆ. ಇಂಥ ಕೃತಿಯಲ್ಲಿ ಚೌಕಟ್ಟೇ ಬರವಣಿಗೆಯ ಕೊನೆಗೆ ದಕ್ಕುವಂಥದು.

ಇಳಕಲ್ಲಿನ ನೇಕಾರರ ಕೆಲಸ ಇಲ್ಲಿ ಒಳ್ಳೆಯ ಸಾದೃಶ್ಯ. ಇಳಕಲ್ ಸೀರೆಯ ಒಡಲಿನ ಹಾಸೂ, ಅಂದರೆ ಉದ್ದಕ್ಕೆ ಹಿಡಿದ ಎಳೆಗಳೂ, ಸೆರಗಿನ ಹಾಸೂ ಬೇರೆ ಬೇರೆ. ಎರಡರ ಎಳೆಗಳನ್ನು ಕುಣಿಕೆಯಂತೆ ಒಂದರೊಳಗೊಂದು ಸಿಲುಕಿಸುವ ಕೊಂಡಿ ಎಂಬ ವಿಧಾನದಿಂದ ಜೋಡಿಸಿದ ಮೇಲಷ್ಟೇ ಹೊಕ್ಕು, ಅಂದರೆ ಅಡ್ಡ ಎಳೆ, ಆಡಬೇಕು. ನೂಲು ಸಿದ್ಧಪಡಿಸುವುದು, ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ಇವೆಲ್ಲ ನಡೆದ ದಿನಗಳಲ್ಲಿ ಒಂದು ಗೇಣು ಬಟ್ಟೆಯೂ ಹೊರಬರುವುದಿಲ್ಲ, ಆದರೂ ಆ ದಿನಗಳನ್ನು ಯಾರೂ ಕೆಲಸಗೇಡಿನ ದಿನಗಳೆನ್ನುವುದಿಲ್ಲ. ಪುಟಲೆಕ್ಕವಾದರೋ ಹೊಕ್ಕನ್ನು ಮಾತ್ರ ಅಳೆಯುತ್ತದೆ.

ಹುನಗುಂದ-ಬಾಗಲಕೋಟೆ ಸೀಮೆಯ ಇಂದಿನ ಕಾದಂಬರಿಕಾರನೊಬ್ಬ ಮುಳುಗಡೆಯನ್ನು ವಸ್ತುವಾಗಿ ಎತ್ತಿಕೊಂಡನೆಂದು ಭಾವಿಸಿದರೆ ಈ ಅಳತೆಯ ಕೊರತೆ ಇನ್ನೂ ತೆರೆದುಕೊಳ್ಳುತ್ತದೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ನುಂಗಿದ್ದರಿಂದ ನವನಗರವೆಂಬ ಹೊಸ ಊರು ಎದ್ದಿತು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮದವರೆಗೆ ಬಂದು ನಿಂತಿದ್ದರಿಂದ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತಲೂ ಗೋಡೆ ಕಟ್ಟಿ ಉಳಿಸಿಕೊಳ್ಳಬೇಕಾಯಿತು. ಪರಿಹಾರದ ಹಣ ಯಾರ ಹೆಸರಿಗೆ ಬಂದಿತು, ಹೊಲ ಹೋದ ಮೇಲೆ ಅದನ್ನು ಲಾವಣಿ (ಗೇಣಿ) ಹಿಡಿದವನ ಗತಿಯೇನಾಯಿತು, ಓಣಿಗಳಲ್ಲಿ ಬದುಕಿದವರು ನವನಗರದ ಸೆಕ್ಟರುಗಳಲ್ಲಿ ನೆರೆಯವರನ್ನು ಹೇಗೆ ಹುಡುಕಿಕೊಂಡರು ಎಂಬುದನ್ನೆಲ್ಲ ಪುನರ್ವಸತಿ ಕೇಂದ್ರಗಳ ಕಟ್ಟೆಗಳ ಮೇಲೆ ಕುಳಿತು ಕೇಳುವ ತಿಂಗಳುಗಳಲ್ಲಿ ಕರಡಿನ ಪುಟಸಂಖ್ಯೆ ಸೊನ್ನೆಯಲ್ಲೇ ಇರುತ್ತದೆ. ದಿನಕ್ಕೆ ಇಷ್ಟು ಪದ ಎಂಬ ಪ್ರತಿಜ್ಞೆಗೆ ಕಟ್ಟುಬಿದ್ದವನು ಈ ತಿಂಗಳುಗಳನ್ನು ಸಹಿಸಲಾರದೆ ಬೇಗ ಬರೆಯಲು ತೊಡಗುತ್ತಾನೆ, ಆಗ ಮುಳುಗಡೆಯ ಸಂತ್ರಸ್ತನಿಗೆ ಬದಲಾಗಿ ಪತ್ರಿಕಾ ವರದಿಯಲ್ಲಿ ಈಗಾಗಲೇ ಕಂಡ ಸಂತ್ರಸ್ತನೇ ಪುಟದ ಮೇಲೆ ಬಂದು ಕೂಡುತ್ತಾನೆ. ಇಷ್ಟಲ್ಲದೆ ವಸ್ತುವೇ ಇನ್ನೂ ಮುಗಿದಿಲ್ಲ: 519.6 ಮೀಟರಿನವರೆಗೆ ನೀರು ನಿಲ್ಲಿಸುತ್ತಿರುವ ಆಲಮಟ್ಟಿಯನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಅದು ಏರಿದರೆ ಮುಳುಗಡೆಯೂ ಮುಂದುವರಿಯುತ್ತದೆ.

ಹಾಗೆಂದು ಅಭ್ಯಾಸವೇ ಬೇಡವೆನ್ನಲಾಗದು, ಸ್ಫೂರ್ತಿಗಾಗಿ ಕಾಯುವವನ ಕರಡು ಹೆಚ್ಚಾಗಿ ಮೂರನೆಯ ಅಧ್ಯಾಯದಲ್ಲೇ ನಿಂತಿರುತ್ತದೆ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲೊಬ್ಬರಾದ ಗಳಗನಾಥರಿಗೆ ‘ಸದ್ಬೋಧ ಚಂದ್ರಿಕೆ’ಯಂಥ ಮಾಸಪತ್ರಿಕೆಯೇ ಹೊರಗಿನ ಶಿಸ್ತಾಗಿತ್ತು, ಏಕೆಂದರೆ ಕಾದಂಬರಿಯ ಕಂತು ತಪ್ಪಿದರೆ ಓದುಗರು ಕೇಳುತ್ತಿದ್ದರು, ಕಾದಂಬರಿಕಾರ ಶಿವರಾಮ ಕಾರಂತರು ಕೊನೆಗಾಲದಲ್ಲಿ ಹೇಳಿ ಬರೆಸುತ್ತಿದ್ದರು, ಅಲ್ಲಿ ಬರೆದುಕೊಳ್ಳುವವರ ಹಾಜರಿಯೂ ಒಂದು ಕಟ್ಟುಪಾಡೇ. ಇಂಥ ಆಸರೆ ಇಲ್ಲದವನು ಬದ್ಧನಾಗಬೇಕಾದದ್ದು ಪುಟಕ್ಕಲ್ಲ, ಹೊತ್ತಿಗೆ. ಬೇಸಿಗೆಯ ಮಧ್ಯಾಹ್ನ ಈ ಸೀಮೆಯಲ್ಲಿ ಯಾವ ಕೆಲಸಕ್ಕೂ ಒದಗುವುದಿಲ್ಲವಾದ್ದರಿಂದ, ಬಿಸಿಲೇರುವ ಮುಂಚಿನ ಎರಡು ತಾಸನ್ನು ನಿತ್ಯವೂ ಕರಡಿಗೆ ಮೀಸಲಿಟ್ಟು, ಹಿಂದಿನ ದಿನ ಕೇಳಿದ್ದನ್ನು ಟಿಪ್ಪಣಿ ಮಾಡಿದ್ದೂ ಬರೆದದ್ದನ್ನು ಹೊಡೆದುಹಾಕಿದ್ದೂ ಆ ಹೊತ್ತಿನ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುವ ಕ್ರಮ, ಟ್ರಾಲಪನ ಗಡಿಯಾರವನ್ನು ಉಳಿಸಿಕೊಂಡು ಅವನ 250 ಪದಗಳನ್ನು ಬಿಟ್ಟುಕೊಡುತ್ತದೆ.