ಎದೆಬಡಿತದ ಮಾತ್ರೆ ಹಂಚಿ ತಿನ್ನೋ ಚಾಕೊಲೇಟ್ ಅಲ್ಲ

1/5
"ವೈವಾ ಮುಂಚೆ ಒಂದು ಹಾಕ್ಕೋ ಮಗಾ, ಕೈ ನಡುಗಲ್ಲ." ಕಾಲೇಜಲ್ಲಿ ಈ ಸಲಹೆ ಕೊಡೋರೇ, ಈ ಸರಣಿ ನಿಮಗೇ. ನೀವು ಧೈರ್ಯದ ಮಾತ್ರೆ ಅಂತ ಹಂಚ್ತಿರೋ ಪ್ರೊಪ್ರನಾಲಾಲ್, ಹೃದಯದ ಬಡಿತವನ್ನೇ ಬದಲಿಸೋ ಔಷಧಿ. ನಾನು ಓದ್ತಿರೋದು ಬಿಕಾಂ, ಡಾಕ್ಟರಿಕೆ ನನಗೆ ಗೊತ್ತಿಲ್ಲ. ಆದ್ರೆ ಲಾಭ ಮಾತ್ರ ತೋರಿಸಿ ನಷ್ಟ ಮುಚ್ಚಿಡೋ ಲೆಕ್ಕ ಕಂಡ್ರೆ ಸುಮ್ನಿರಕ್ಕಾಗಲ್ಲ.

2/5
ಹೃದಯ ಬಡಿಯೋದು ವಿದ್ಯುತ್ತಿನಿಂದ. ಜೀವಕೋಶದ ಒಳಗೆ ಸೋಡಿಯಂ, ಕ್ಯಾಲ್ಸಿಯಂ ಬರುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ. ಬಡಿತ ಸರಿಮಾಡೋ ಮಾತ್ರೆಗಳಲ್ಲಿ ಮುಖ್ಯವಾಗಿ ನಾಲ್ಕು ವರ್ಗ:
▪️ ಮೊದಲನೇದು ಸೋಡಿಯಂ ದಾರಿ ತಡೆಯುತ್ತೆ. ಉದಾ: ಫ್ಲೆಕೈನೈಡ್.
▪️ ಎರಡನೇದು ಬೀಟಾ ಬ್ಲಾಕರ್. ಅಡ್ರಿನಲಿನ್ ಮಾತು ಹೃದಯಕ್ಕೆ ಕೇಳದ ಹಾಗೆ ಮಾಡುತ್ತೆ. ನಿಮ್ಮ ಪ್ರೊಪ್ರನಾಲಾಲ್ ಇಲ್ಲಿದೆ.
▪️ ಮೂರನೇದು ಪೊಟ್ಯಾಸಿಯಂ ತಡೆದು, ಪ್ರತಿ ಬಡಿತದ ನಂತರದ ವಿಶ್ರಾಂತಿ ಉದ್ದ ಮಾಡುತ್ತೆ. ಉದಾ: ಸೋಟಲಾಲ್, ಅಮಿಯೊಡರೋನ್. ಸೋಟಲಾಲ್‌ನಲ್ಲಿ ಈ ಉದ್ದ ಅತಿಯಾದ್ರೆ ಪ್ರಾಣಾಪಾಯದ ಹೊಸ ತಾಳ ಶುರುವಾಗಬಹುದು. ಅಮಿಯೊಡರೋನ್ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಯೋಡಿನ್. ಅದಕ್ಕೇ ಥೈರಾಯ್ಡ್ ಪರೀಕ್ಷೆ ಮಾಡಿಸ್ತಾ ಇರಬೇಕು. ಲಿವರ್ ಪರೀಕ್ಷೆಯೂ ಬೇಕು. ಶ್ವಾಸಕೋಶಕ್ಕೂ ತೊಂದರೆ ಆಗಬಹುದು.
▪️ ನಾಲ್ಕನೇದು ಕ್ಯಾಲ್ಸಿಯಂ ತಡೆಯುತ್ತೆ. ಉದಾ: ವೆರಾಪಮಿಲ್. ಬೀಟಾ ಬ್ಲಾಕರ್ ಜೊತೆ ಸೇರಿದ್ರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು.

3/5
"ಬಡಿತ ಸರಿಯಾಯ್ತಲ್ಲ, ಇನ್ನೇನು?" ಅಂತೀರಾ? ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ನಂಬಿದ್ರು. ಹಾರ್ಟ್ ಅಟ್ಯಾಕ್ ಆದವರಲ್ಲಿ ತಪ್ಪು ಬಡಿತ ಅಡಗಿಸಿದ್ರೆ ಸಾವು ತಪ್ಪುತ್ತೆ ಅನ್ನೋದು ಲೆಕ್ಕಾಚಾರ. ಇದನ್ನ ಪರೀಕ್ಷಿಸೋಕೆ ಅಮೆರಿಕದಲ್ಲಿ ಕ್ಯಾಸ್ಟ್ ಅನ್ನೋ ಅಧ್ಯಯನ ನಡೀತು. ಮಾತ್ರೆಯಿಂದ ತಪ್ಪು ಬಡಿತ ಕಡಿಮೆ ಆದವರನ್ನೇ ಆರಿಸಿ ಎರಡು ಗುಂಪು ಮಾಡಿದ್ರು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತಗೊಂಡ 755 ಜನರಲ್ಲಿ 63 ಸಾವು. ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡ 743 ಜನರಲ್ಲಿ 26. 1989ರಲ್ಲಿ ಆ ಮಾತ್ರೆಗಳ ಪರೀಕ್ಷೆ ನಡುವೆಯೇ ನಿಲ್ಲಿಸಬೇಕಾಯ್ತು.

ಕಾಮರ್ಸ್ ಓದೋರೇ, ಇದಕ್ಕೆ ನಾವೇನಂತೀವಿ? ವಿಂಡೋ ಡ್ರೆಸ್ಸಿಂಗ್. ಇಸಿಜಿ ಹಾಳೆ ನೀಟಾಗಿದೆ, ಒಳಗೆ ಕಂಪನಿ ಮುಳುಗ್ತಿದೆ.

4/5
"ಸ್ಟೇಜ್ ಭಯಕ್ಕೆ ಡಾಕ್ಟರೇ ಬರೆದು ಕೊಡ್ತಾರಲ್ಲ?" ಹೌದು, ಕೊಡ್ತಾರೆ. ಆಸ್ತಮಾ ಇದೆಯಾ, ಬಿಪಿ ಎಷ್ಟು, ನಾಡಿ ಎಷ್ಟು, ಸಕ್ಕರೆಗೆ ಇನ್ಸುಲಿನ್ ತಗೋತೀರಾ ಅಂತ ಕೇಳಿ ಕೊಡ್ತಾರೆ. ನೀವು ಬೆಂಚ್ ಕೆಳಗಿಂದ ಸ್ಟ್ರಿಪ್ ದಾಟಿಸುವಾಗ ಏನು ಕೇಳಿದ್ರಿ? ಆಸ್ತಮಾ ಇರೋರಿಗೆ ಪ್ರೊಪ್ರನಾಲಾಲ್ ಉಸಿರಾಟದ ಕೊಳವೆ ಬಿಗಿ ಮಾಡುತ್ತೆ. ಸಕ್ಕರೆ ಕುಸಿದಾಗ ಎಚ್ಚರಿಸೋ ನಡುಕ, ಎದೆಬಡಿತವನ್ನೇ ಮುಚ್ಚಿಡುತ್ತೆ. ಗೆಳೆತನ ಅಂತೀರಲ್ಲ, ಇದ್ಯಾವ ಸೀಮೆ ಗೆಳೆತನ? ಚೀಟಿ ಕೇಳದೆ ಸ್ಟ್ರಿಪ್ ಮಾರೋ ಮೆಡಿಕಲ್ ಶಾಪ್‌ನವರಿಗೂ ಇದೇ ಪ್ರಶ್ನೆ.

5/5
ಇದನ್ನ ಓದಿ ಮನೇಲಿ ಅಜ್ಜಿ ತಾತನ ಮಾತ್ರೆ ಕಿತ್ತು ಬಿಸಾಡಬೇಡಿ! ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸೋದೂ ಹೃದ್ರೋಗ ಇರೋರಿಗೆ ಅಪಾಯ. ಔಷಧಿ ಕೆಟ್ಟದ್ದಲ್ಲ. ಫ್ಲೆಕೈನೈಡ್ ಈಗಲೂ ಸರಿಯಾದ ರೋಗಿಗೆ ಕೊಡ್ತಾರೆ. ಯಾರ ಹೃದಯಕ್ಕೆ ಯಾವುದು ಅನ್ನೋದೇ ಇಲ್ಲಿ ಪೂರ್ತಿ ವಿಷಯ. ಅದನ್ನ ನಿರ್ಧರಿಸೋಕೆ ಪರೀಕ್ಷೆ ಬೇಕು, ಪಕ್ಕದ ಬೆಂಚಿನವನ ಅನುಭವ ಸಾಲದು.

ವೈವಾದಲ್ಲಿ ಕೈ ನಡುಗಿದ್ರೆ ನಡುಗಲಿ ಬಿಡಿ. ನಾಲ್ಕು ಮಾರ್ಕ್ಸ್ ಹೋಗಬಹುದು, ಅಷ್ಟೇ. ಸ್ಟ್ರಿಪ್ ಹಂಚೋ ಆ ಫ್ರೆಂಡ್‌ನ ಕೆಳಗೆ ಟ್ಯಾಗ್ ಮಾಡಿ.

#ಎದೆಬಡಿತ #ಮಾತ್ರೆಹಂಚಬೇಡಿ #ಕನ್ನಡದಲ್ಲಿಆರೋಗ್ಯ