ಘಾಟಿಯಲ್ಲಿ ಮಾತ್ರ ಬಿಸಿಯಾಗುವ ಲಾರಿ

ಹಪ್ಪಳ, ಸಂಡಿಗೆ, ಮಕ್ಕಳ ಪರೀಕ್ಷೆ ಅಂತ ಬರೆಯೋ ಜಾಗದಲ್ಲಿ ಇವತ್ತು ಲಾರಿ ಫ್ಯಾನಿನ ವಿಷಯ ಯಾಕೆ ಅಂತೀರಾ? ನಮ್ಮ ಮನೆ ಒಲೆ ಉರಿಯೋದೇ ಹತ್ತು ಚಕ್ರದ ಒಂದು ಲಾರಿಯಿಂದ. ಕಂತು, ಇನ್ಶೂರೆನ್ಸ್, ಟೈರು, ಡೀಸೆಲ್ ಲೆಕ್ಕ ಬರೆಯುವವಳು ನಾನು. ಈ ಬೇಸಿಗೆಯಲ್ಲಿ ಆ ಪುಸ್ತಕದೊಳಗೆ ‘ಹೀಟಿಂಗ್’ ಅನ್ನೋ ಪದ ಮೂರು ಸಲ ಬಂತು.

ಹಾಸನದಿಂದ ಮಂಗಳೂರಿಗೆ ಇಳಿಯುವಾಗ ಏನೂ ತೊಂದರೆಯಿಲ್ಲ. ಪಣಂಬೂರಿನಲ್ಲಿ ಗೊಬ್ಬರ ತುಂಬಿಕೊಂಡು ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದರೆ ಸಾಕು, ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಬದಿಗೆ ನಿಲ್ಲಿಸಿ ಆರಲು ಬಿಟ್ಟರೆ ಮತ್ತೆ ಸರಿ. ಸಕಲೇಶಪುರ ದಾಟಿದ ಮೇಲೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಓಡೋದು.

ಗ್ಯಾರೇಜಿನವರು ಮೊದಲ ಸಲ ರೇಡಿಯೇಟರ್ ಬಿಚ್ಚಿ ತೊಳೆದರು. ಎರಡನೇ ಸಲ ಥರ್ಮೋಸ್ಟಾಟ್ ಬದಲಿಸಿದರು. ಪ್ರತಿ ಸಲವೂ ಖಾಲಿ ಲಾರಿಯನ್ನ ಬೈಪಾಸಿನಲ್ಲಿ ಒಂದು ಸುತ್ತು ಓಡಿಸಿ ‘ಓಕೆ’ ಅಂದರು. ಮೂರನೇ ಸಲ ಹೆಡ್ ಗ್ಯಾಸ್ಕೆಟ್ಟೇ ಹೋಯಿತು. ಆಗ ಬಂತು ನೋಡಿ ಮಾತು: “ನಿಮ್ಮ ಡ್ರೈವರ್ ಮುಳ್ಳು ನೋಡದೆ ಎಳೆದಿದ್ದಾನೆ.” ನಮ್ಮ ಮನೆಯವರೂ ಸಿಟ್ಟಿನಲ್ಲಿ, ಅವನ ಸಂಬಳದಲ್ಲಿ ತಿಂಗಳಿಗೆ ಇಷ್ಟು ಅಂತ ಹಿಡಿ ಅಂದುಬಿಟ್ಟರು. ಅವನ ಮನೆಯಲ್ಲೂ ಶಾಲೆಗೆ ಹೋಗೋ ಮಕ್ಕಳಿದ್ದಾವೆ. ನಾನು ಬರೆಯಲಿಲ್ಲ. ಮೊದಲು ಅವನನ್ನ ಕೂರಿಸಿ ಕೇಳೋಣ ಅಂದೆ.

ಅವನು ಹೇಳಿದ್ದು ಒಂದೇ ಮಾತು. “ಅಕ್ಕಾ, ಮುಂಚೆ ಘಾಟಿ ಹತ್ತುವಾಗ ಫ್ಯಾನು ಬುರ್ರೋ ಅಂತ ಕೂಗೋದು, ಕ್ಯಾಬಿನ್‌ನಲ್ಲಿ ಮಾತು ಕೇಳ್ತಿರಲಿಲ್ಲ. ಈಗ ಆ ಸದ್ದೇ ಇಲ್ಲ. ಗ್ಯಾರೇಜಲ್ಲಿ ಹೇಳ್ದೆ, ಫ್ಯಾನು ತಿರುಗ್ತಾ ಇದೆಯಲ್ಲೋ ಅಂದ್ರು.”

ತಿರುಗೋದು ಬೇರೆ, ಗಾಳಿ ಎಳೆಯೋದು ಬೇರೆ. ನಮ್ಮ ಲಾರಿಯ ಫ್ಯಾನು ಎಂಜಿನ್ನಿಗೆ ನೇರವಾಗಿ ಅಂಟಿಕೊಂಡಿಲ್ಲ, ನಡುವೆ ಫ್ಯಾನ್ ಕ್ಲಚ್ ಇದೆ. ಅದರೊಳಗೆ ಜೇನುತುಪ್ಪದ ಹಾಗೆ ಮಂದವಾದ ಸಿಲಿಕೋನ್ ಎಣ್ಣೆ. ಮುಂಭಾಗದಲ್ಲೊಂದು ಲೋಹದ ಪಟ್ಟಿ. ರೇಡಿಯೇಟರಿನಿಂದ ಬರೋ ಗಾಳಿ ಬಿಸಿಯಾದರೆ ಅದು ಬಾಗಿ ವಾಲ್ವ್ ತೆರೆಯುತ್ತೆ. ಎಣ್ಣೆ ಒಳಗಿನ ತಟ್ಟೆಗಳ ನಡುವೆ ಹರಿದು ಎಂಜಿನ್ನಿನ ತಿರುಗು ಫ್ಯಾನಿಗೆ ಸಿಗುತ್ತೆ. ತಣ್ಣಗಿದ್ದಾಗ ಎಣ್ಣೆ ಹಿಂದೆ ಸರಿದು ಫ್ಯಾನು ನಿಧಾನವಾಗುತ್ತೆ. ದೊಡ್ಡ ಫ್ಯಾನು ಸದಾ ಜೋರಾಗಿ ತಿರುಗಿದರೆ ಡೀಸೆಲ್ ತಿನ್ನುತ್ತಲ್ಲ, ಅದಕ್ಕೇ ಈ ಏರ್ಪಾಟು. ಎಣ್ಣೆ ಸೋರಿ ಹೋದರೆ ಫ್ಯಾನು ಸುಮ್ಮನೆ ಸೋಮಾರಿಯ ಹಾಗೆ ಸುತ್ತುತ್ತಿರುತ್ತೆ, ಅಷ್ಟೇ.

ಬಯಲು ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತೆ. ತುಂಬಿದ ಲೋಡು, ಎರಡನೇ ಗೇರು, ಆಮೆ ನಡಿಗೆ ಅಂದಾಗ ಗಾಳಿಯನ್ನ ಫ್ಯಾನೇ ಎಳೆಯಬೇಕು. ಬೈಪಾಸಿನಲ್ಲಿ ಖಾಲಿ ಲಾರಿ ಓಡಿಸಿದರೆ ಈ ರೋಗ ಹೇಗೆ ಸಿಕ್ಕೀತು ಹೇಳಿ?

ಊರಿನ ಹಳೆಯ ಮೇಸ್ತ್ರಿಯೊಬ್ಬರಿಗೆ ತೋರಿಸಿದೆವು. ಎಂಜಿನ್ ತಣ್ಣಗಿತ್ತು, ಕೀ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಫ್ಯಾನನ್ನ ಬೆರಳಿನಿಂದ ತಳ್ಳಿದರು. ಸ್ವಲ್ಪ ಬಿಗಿಯಾಗಿ ತಿರುಗಿ ನಿಲ್ಲಬೇಕಿದ್ದದ್ದು ಮಕ್ಕಳ ಗಿರಗಿಟ್ಲೆ ಹಾಗೆ ಗಿರ್ರನೆ ಸುತ್ತಿತು. ಕ್ಲಚ್ಚಿನ ಮುಂದೆ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪು ಗೆರೆ ಬೇರೆ ಎದ್ದಿತ್ತು. ಬೆಲ್ಟು ಸರಿಯಿತ್ತು, ಕೂಲೆಂಟ್ ಸರಿಯಿತ್ತು. ರೇಡಿಯೇಟರ್ ತೊಳೆದು ಆಗಿತ್ತಲ್ಲ.

ಹೊಸ ಕ್ಲಚ್ ಹಾಕಿದ ಮೇಲೆ ಮೇಸ್ತ್ರಿ ಬೈಪಾಸಿಗೆ ಹೋಗಲಿಲ್ಲ, ಲೋಡು ತುಂಬಿಸಿಕೊಂಡು ಘಾಟಿ ಹತ್ತಿಸಿ ನೋಡಿ ಅಂದರು. ಹತ್ತಿತು. ಫ್ಯಾನು ಕೂಗಿತಂತೆ, ಮುಳ್ಳು ನಡುವಿನಲ್ಲೇ ನಿಂತಿತಂತೆ.

ಮನೆಯಲ್ಲಿ ಗಾಡಿ ಇರುವವರಿಗೆ ಇನ್ನೆರಡು ಮಾತು. ಬಿಸಿಯಾದ ರೇಡಿಯೇಟರಿನ ಮುಚ್ಚಳ ಯಾವ ಕಾರಣಕ್ಕೂ ತೆಗೆಯಬಾರದು, ಒತ್ತಡದಲ್ಲಿರೋ ಕುದಿನೀರು ಮುಖಕ್ಕೇ ಚಿಮ್ಮುತ್ತೆ. ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ, ಹೀಟೇ ಆಗಲ್ಲ’ ಅನ್ನುವವರ ಮಾತನ್ನೂ ಕೇಳಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತೆ, ಒಳಗೆ ಸವೆಯುತ್ತೆ. ಹೊಸ ಬಿಎಸ್-6 ಗಾಡಿಗಳು ಎಷ್ಟೋ ಕಡೆ ಫ್ಯಾನ್ ಕ್ಲಚ್ಚಿಗೂ ವೈರು ಎಳೆದುಕೊಂಡು ಬಂದಿವೆ. ಅಲ್ಲಿ ವೈರು, ಸೆನ್ಸರ್ ನೋಡದೆ ಕ್ಲಚ್ಚನ್ನೇ ಬದಲಿಸಿದರೆ ದುಡ್ಡು ದಂಡ.

ಗ್ಯಾಸ್ಕೆಟ್ ಖರ್ಚನ್ನ ಗಾಡಿ ರಿಪೇರಿಯ ಕಾಲಮ್ಮಿನಲ್ಲೇ ಬರೆದಿದ್ದೇನೆ. ಡ್ರೈವರಿಗೆ ಪೂರ್ತಿ ಸಂಬಳ ಕೊಟ್ಟದ್ದು ನಮ್ಮ ಮನೆಯವರೇ; ಬಾಯಿಬಿಟ್ಟು ಏನೂ ಹೇಳಲಿಲ್ಲ, ಊಟ ಮಾಡ್ಕೊಂಡು ಹೋಗಪ್ಪ ಅಂದರು. ಹಳೇ ಗ್ಯಾರೇಜಿನವರು ಥರ್ಮೋಸ್ಟಾಟ್ ಬಿಲ್ಲಿನ ಬಾಕಿಗೆ ಇನ್ನೂ ಫೋನ್ ಮಾಡ್ತಾನೇ ಇದ್ದಾರೆ.