ಕೆರೆಯಂಗಳವೂ ನಕ್ಷೆಯ ಚೌಕವೂ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಹಾದಿಯು ದೊಡ್ಡಬಳ್ಳಾಪುರ ಸೀಮೆಯ ಕೆರೆಗಳನ್ನು ಹಾಯ್ದು ಹೆಸರಘಟ್ಟಕ್ಕೆ ಇಳಿಯುತ್ತದೆ. ಈ ಕೆರೆಗಳ ಒತ್ತುವರಿಯನ್ನು ಅಂತರ್ಜಾಲದ ನಕ್ಷೆಯಿಂದ ಅಳೆಯಲು ವಿದ್ಯಾರ್ಥಿಗಳಿಗೆ ಇಂದು ಸಾಧ್ಯವಿದೆ.

ಆ ನಕ್ಷೆಯು ಚೌಕಗಳ ಜೋಡಣೆ. ಪ್ರತಿ ಹಂತಕ್ಕೂ ಇಮ್ಮಡಿಯಾಗುವ ಚೌಕಗಳು 15ನೆಯ ಹಂತದಲ್ಲಿ ಭೂಮಿಯ ಸುತ್ತಳತೆಗೆ 32,768. ಚೌಕದ ಕಂಬಸಾಲಿನ ಸಂಖ್ಯೆಯನ್ನು ಇದರಿಂದ ಭಾಗಿಸಿ, 360ರಿಂದ ಗುಣಿಸಿ, 180 ಕಳೆದರೆ ಅದರ ಎಡ ಅಂಚಿನ ರೇಖಾಂಶ ದೊರೆಯುತ್ತದೆ. 23,442ನೆಯ ಸಂಖ್ಯೆಗೆ 77.5415 ಡಿಗ್ರಿ, ಅದು ದೊಡ್ಡಬಳ್ಳಾಪುರದ ಬಳಿ ಹಾಯುವ ರೇಖೆ. ಅಡ್ಡಸಾಲಿನಿಂದ ಅಕ್ಷಾಂಶ ಪಡೆಯುವ ಸೂತ್ರವು ತುಸು ದೀರ್ಘವಾದರೂ ಗಣಕಕ್ಕೆ ಕೆಲವೇ ಸಾಲಿನ ಪ್ರೋಗ್ರಾಂ ಸಾಕು.

ಆದರೆ ಸಮಭಾಜಕದಿಂದ ದೂರ ಸರಿದಂತೆ ಈ ನಕ್ಷೆಯು ನೆಲವನ್ನು ಹಿಗ್ಗಿಸಿ ತೋರಿಸುತ್ತದೆ. ಸಮಭಾಜಕದ ಅಳತೆಯನ್ನೇ ಇಲ್ಲಿ ಬಳಸಿದರೆ ವಿಸ್ತೀರ್ಣವು ಶೇಕಡ 5ಕ್ಕೂ ಮಿಗಿಲಾಗಿ ಹೆಚ್ಚುತ್ತದೆ. ದಾಖಲೆಯಲ್ಲಿ 100 ಎಕರೆಯಿದ್ದು 5 ಎಕರೆ ಒತ್ತುವರಿಯಾದ ಕೆರೆಯು ಆಗ ಪೂರ್ತಿ 100 ಎಕರೆಯಾಗಿಯೇ ಕಾಣುತ್ತದೆ, ಒತ್ತುವರಿಯೇ ಮರೆಯಾಗುತ್ತದೆ. ಆದುದರಿಂದ ವಿಸ್ತೀರ್ಣವನ್ನು ಅಕ್ಷಾಂಶದ ಕೊಸೈನ್ ವರ್ಗದಿಂದ ಗುಣಿಸುವುದು ಅತ್ಯಗತ್ಯ.

ಹೀಗೆ ಸರಿಪಡಿಸಿದ ಲೆಕ್ಕವೂ ಸರ್ವೆಗೆ ಬದಲಿಯಲ್ಲ. ಅದನ್ನು ಗ್ರಾಮನಕ್ಷೆಯೊಡನೆ ಹೋಲಿಸಿ, ಸರ್ವೆ ನಂಬರಿನ ಸಹಿತ ಭೂಮಾಪಕರ ಮುಂದಿಟ್ಟು, ಗಡಿಕಲ್ಲು ನೆಡುವವರೆಗೆ ಊರವರು ಬೆನ್ನುಹತ್ತಬೇಕು.